ಆಳಿಗೊಂದು ಅಣು

ನಮ್ಮ ಊರಿನವರು ಬಾಯಿಬಡುಕರು. ಗಿರಣಿಯ ಮುಂದೆ, ಬಾವಿಯ ಕಟ್ಟೆಯ ಮೇಲೆ, ಕ್ಷೌರದಂಗಡಿಯ ಬೆಂಚಿನ ಮೇಲೆ ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಮಾತೇ ಮಾತು. ಆದರೆ ತಾಮ್ರದ ಮನೆಯ ಹೊಸ್ತಿಲು ದಾಟಿದರೆ ಅದೇ ಜನರ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಅಲ್ಲಿ ಒಬ್ಬೊಬ್ಬರಿಗೆ ಸಲ್ಲುವುದು ಒಂದೇ ಮಾತು. ಆಯುಷ್ಯದಲ್ಲಿ ಒಮ್ಮೆ ಅಲ್ಲಿ ನಿಲ್ಲಿಸಿದ ತಾಮ್ರದ ತಗಡಿನ ಮೇಲೆ ಅಂಗೈ ಊರಿ ಒಂದು ಮಾತು ಹೇಳಬಹುದು. ಹೇಳಿದ್ದು ಅಲ್ಲೇ ಉಳಿಯುತ್ತದೆ. ಆಮೇಲೆ ಅವರು ದೂರ ಹೋಗಲಿ, ಸತ್ತೇ ಹೋಗಲಿ, ಅವರ ಕರುಳಿನವರೋ ಕೈಹಿಡಿದವರೋ ಬಂದು ತಗಡಿಗೆ ಕೆನ್ನೆ ಹಚ್ಚಿದರೆ ಅದೇ ದನಿಯಲ್ಲಿ ಅದೇ ಮಾತು ಕಿವಿಗೆ ಬರುತ್ತದೆ. ಬೇರೆಯವರು ಹಚ್ಚಿದರೆ ತಣ್ಣಗಿನ ತಾಮ್ರ, ಅಷ್ಟೇ.

ತಗಡು ಬಹಳ ದೊಡ್ಡದೇನಲ್ಲ. ಮನೆಯ ಬಾಗಿಲಿನಷ್ಟು ಎತ್ತರ, ಅಷ್ಟೇ ಅಗಲ. ಯಾರೂ ಅದನ್ನು ಬೆಳಗಿದವರಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಯಾರ ಅಜ್ಜಿ ಕೊಚ್ಚಿಹೋದಾಳೋ ಎಂಬ ಭಯ. ಹೀಗಾಗಿ ಅದು ಕಪ್ಪಾಗಿ, ಅಂಚಿನಲ್ಲಿ ಹಸಿರಾಗಿ, ಜನರ ಅಂಗೈ ಕೆನ್ನೆ ತಾಕುವಲ್ಲಿ ಮಾತ್ರ ಕೆಂಪಗೆ ಹೊಳೆಯುತ್ತದೆ. ಬಾಗಿಲ ಮೇಲಿನ ಕಲ್ಲಿನಲ್ಲಿ ಹಿಂದಿನವರು ಕೆತ್ತಿಸಿದ ಒಂದು ಸಾಲು ಇದೆ: ಆಳಿಗೊಂದು ಅಣು, ಬಾಳಿಗೊಂದು ಮಾತು. ಒಬ್ಬರ ಮಾತಿಗೆ ತಾಮ್ರದ ಮೈಮೇಲಿನ ಒಂದು ಅಣು ಸಲ್ಲುತ್ತದೆ, ಹೆಚ್ಚಿಲ್ಲ ಕಡಿಮೆಯಿಲ್ಲ ಎಂದು ಅದರ ಅರ್ಥ. ಚಿಕ್ಕಂದಿನಿಂದ ನಾವೆಲ್ಲ ಅದನ್ನು ಜೋಗುಳದಂತೆ ಕೇಳಿ ಬೆಳೆದವರು. ಅಂಥ ಅಣು ಅಲ್ಲಿ ಎಷ್ಟಿವೆ ಎಂದು ಯಾರೂ ಕೇಳಿರಲಿಲ್ಲ.

ಆ ಮನೆಯ ಕೀಲಿ ನನ್ನ ಹತ್ತಿರ ಇರುತ್ತದೆ. ಮೊದಲು ಅಪ್ಪನ ಹತ್ತಿರ ಇತ್ತು. ನನ್ನ ಹೆಸರು ನೀಲಗಂಗವ್ವ, ಊರಿಗೆಲ್ಲ ಕೀಲಿ ನೀಲವ್ವ. ಬೆಳಿಗ್ಗೆ ತೆರೆದು ಕಸ ಹೊಡೆದು, ಬಂದವರನ್ನು ಒಳಗೆ ಬಿಟ್ಟು, ನಾನು ಹೊರಗೆ ಕಟ್ಟೆಯ ಮೇಲೆ ಕೂರುತ್ತೇನೆ. ಒಳಗೆ ಯಾರು ಏನು ಹೇಳಿದರು ಎಂದು ಕೇಳುವ ಪದ್ಧತಿಯಿಲ್ಲ. ತಾವಾಗಿ ಹೇಳಿದರೆ ಕೇಳುತ್ತೇನೆ. ದೊಡ್ಡ ಮಾತು ಆಡಲು ಹೋದವರ ಬಾಯಲ್ಲಿ ಸಣ್ಣ ಮಾತೇ ಬರುವುದು ಹೆಚ್ಚು. ಗಾಣಿಗರ ಓಣಿಯ ಒಬ್ಬ ಮುದುಕಿ ವರ್ಷಗಟ್ಟಲೆ ಯೋಚಿಸಿ ಬಂದು ಅಂಗೈ ಊರಿದಳಂತೆ. ಆಗಲೇ ಮನೆಯಲ್ಲಿ ಹಾಲಿಟ್ಟು ಬಂದದ್ದು ನೆನಪಾಗಿ "ಒಲಿ ಆರ್ಸು" ಅಂದುಬಿಟ್ಟಳು. ಈಗಲೂ ಅವಳ ಮೊಮ್ಮಕ್ಕಳು ಬಂದು ಅಜ್ಜಿಯ ಗಡಿಬಿಡಿ ಕೇಳಿ ನಗುತ್ತಾ ಹೋಗುತ್ತಾರೆ, ಹೊರಗೆ ಬಂದ ಮೇಲೆ ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಅವ್ವನ ಮಾತು "ಉಂಡ್ಯಾ?" ಎಂದು. ಮಧ್ಯಾಹ್ನ ಊಟ ಮುಗಿಸಿ ಒಮ್ಮೆ ಹೋಗಿ ಕೆನ್ನೆ ಹಚ್ಚಿ ಬರುತ್ತೇನೆ. ನನ್ನ ಗಂಡ ತನ್ನ ಮಾತು ಹೇಳುವ ಮೊದಲೇ ತೀರಿಕೊಂಡ. ಹಾಗಾಗಿ ನನಗೆ, ಉಂಡೆಯಾ ಎಂದು ದಿನಕ್ಕೊಮ್ಮೆ ಕೇಳುವವರೊಬ್ಬರು ಇದ್ದಾರೆ ಎನ್ನುವುದು ಸಣ್ಣದಲ್ಲ.

ಹೀಗಿರುವಾಗ ಊರ ಹಿರಿಯರಾದ ಸಂಗನಬಸಪ್ಪನವರು, ನಾವು ಸಂಗಪ್ಪಜ್ಜ ಅನ್ನುತ್ತೇವೆ, ಒಂದು ದಿನ ತಾಮ್ರದ ಮನೆಯಿಂದ ಮುಖ ಬಾಡಿಸಿಕೊಂಡು ಹೊರಬಂದರು. ಅವರ ಅಣ್ಣ ತೀರಿಕೊಂಡು ಬಹಳ ಕಾಲವಾಗಿತ್ತು. ಅಣ್ಣನ ಮಾತು "ತಮ್ಮಾ" ಎಂದು. ಅವರನ್ನು ಹಾಗೆ ಕರೆಯುವವರು ಈ ಲೋಕದಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

"ನೀಲವ್ವಾ, ದನಿ ಸಣ್ಣ ಆಗೇತಿ. ಗ್ವಾಡಿ ಆಚಿಂದ ಕರದಂಗ ಕೇಳತೈತಿ," ಅಂದರು.

ಅದೇ ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ತಗಡು ತುಂಬುತ್ತಾ ಬಂದಿದೆ, ಹೊಸ ಮಾತು ಹಳೆಯದನ್ನು ನೂಕುತ್ತಿದೆ ಎಂದು ಮೊದಲು ಅಂದವರು ಯಾರೋ ಗೊತ್ತಿಲ್ಲ. ಆದರೆ ಅಂದ ಮೇಲೆ ಎಲ್ಲರಿಗೂ ಅದು ನಿಜವೆನಿಸಿತು. ಎಷ್ಟು ತಲೆಮಾರಿನ ಜನ ಬಂದು ಹೇಳಿಹೋಗಿದ್ದಾರೆ! ಇರುವುದು ಒಂದು ಬಾಗಿಲಿನಷ್ಟು ತಾಮ್ರ. ಪಂಚರು ಸೇರಿ ನಿರ್ಣಯ ಮಾಡಿದರು: ಇನ್ನು ಮುಂದೆ ಈ ಊರಿನಲ್ಲೇ ಹುಟ್ಟಿದವರಿಗೆ ಮಾತ್ರ ಮಾತು. ಹೊರಗಿನಿಂದ ಬಂದು ನೆಲೆಸಿದವರಿಗೆ ಬಾಗಿಲಿಲ್ಲ. ನಾನೂ ತಲೆಯಾಡಿಸಿದೆ. ಅವ್ವನನ್ನು ಯಾರೋ ಅಪರಿಚಿತರು ಒತ್ತಿ ಹೊರಹಾಕುವುದು ನನಗೆ ಬೇಕಿರಲಿಲ್ಲ.

ಹೊರಗಿನಿಂದ ಬಂದವರೆಂದರೆ ಮುಖ್ಯವಾಗಿ ಕೆರೆಯ ಆಚೆಯ ಬಾವಿ ತೋಡುವವರು. ಕೆಲವು ವರ್ಷಗಳ ಹಿಂದೆ ಊರಿನ ನೀರು ಸವಳಾದಾಗ ಅವರು ಬಂದು ಕಲ್ಲು ಒಡೆದು ಸಿಹಿನೀರು ತೆಗೆದಿದ್ದರು. ಹಾಗೇ ಉಳಿದುಕೊಂಡಿದ್ದರು. ಅವರಲ್ಲಿ ದುರಗಪ್ಪ ಎಂಬವನು ಎತ್ತರದ ಆಳು, ದನಿ ಮಾತ್ರ ಆಳಿಗಿಂತ ದೊಡ್ಡದು. ಬಾವಿಯ ತಳದಲ್ಲಿ ನಿಂತು ಮೇಲಿನವರನ್ನು ಕೂಗಿದರೆ ಪೇಟೆಯವರೆಗೂ ಕೇಳುತ್ತಿತ್ತು. ಒಂದು ಮುಂಜಾನೆ ಅವನ ಹೆಂಡತಿ ಹುಲಿಗೆವ್ವ ನನ್ನ ಕಟ್ಟೆಗೆ ಬಂದಳು. ತುಂಬಿದ ಬಸುರಿ. ಏದುಸಿರು ಬಿಡುತ್ತಾ ಕೂತಳು. ದುರಗಪ್ಪ ಸ್ವಲ್ಪ ದೂರದಲ್ಲಿ, ಕೊರಳಿಗೆ ಶಲ್ಯ ಸುತ್ತಿಕೊಂಡು ನಿಂತಿದ್ದ.

"ಯವ್ವಾ, ಇವನ ಗಂಟಲಾಗ ಗಡ್ಡಿ ಆಗೇತಿ," ಅಂದಳು. "ನದಿ ಆಚಿ ದೊಡ್ಡ ದವಾಖಾನಿಯಾಗ ತೋರ್ಸಿದ್ವಿ. ದನಿ ಪೆಟಗಿನ ತಗದ್ರ ಜೀವ ಉಳೀತೈತಿ ಅಂದ್ರು. ನಾಳಿ ಮಧ್ಯಾಹ್ನದ ಬಸ್ಸಿಗೆ ಹೋಗಬೇಕು."

ನಾನು ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟೆ.

"ಹುಟ್ಟೂ ಕೂಸು ಅಪ್ಪನ ದನಿನ ಕೇಳಂಗಿಲ್ಲ ಯವ್ವಾ. ಒಂದ ಮಾತು. ಒಂದ ಮಾತು ಹೇಳಿ ಹೋಗ್ಲಿ."

"ಪಂಚರು ಬ್ಯಾಡಂದಾರವ್ವಾ. ಜಾಗ ಇಲ್ಲ," ಅಂದೆ. ನನ್ನ ದನಿ ನನಗೇ ಕಲ್ಲಿನಂತೆ ಕೇಳಿಸಿತು.

ಹುಲಿಗೆವ್ವ ಜಗಳವಾಡಲಿಲ್ಲ. ಬಾಗಿಲಿನ ಕಡೆ ನೋಡಿದಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ದುರಗಪ್ಪ ಹತ್ತಿರ ಬಂದು ಕೈ ಹಿಡಿದು ಎಬ್ಬಿಸಿದ. "ನಡಿ, ಬಿಸಲಾತು," ಅಂದ. ಅಷ್ಟು ದೊಡ್ಡ ದನಿ ಆಗಲೇ ಒಣ ಎಲೆ ಉಜ್ಜಿದಂತೆ ಆಗಿತ್ತು.

ನನ್ನ ಮನೆಯ ಮುಂದಿನ ಖೋಲಿಯಲ್ಲಿ ಹೆಣ್ಣುಮಕ್ಕಳ ಸಾಲೆಯ ಕುಮುದಿನಿ ಅಕ್ಕೋರು ಬಾಡಿಗೆಗಿದ್ದರು. ವಿಜ್ಞಾನ ಕಲಿಸುವವರು, ಬೇರೆ ಊರಿನವರು. ಸಂಜೆ ಅಡಿಗೆಮನೆಯಲ್ಲಿ ನಾನು ಒಲೆಯ ಮುಂದೆ ಸುಮ್ಮನೆ ಕೂತಿದ್ದನ್ನು ನೋಡಿ ಕೇಳಿದರು, ನಡೆದದ್ದೆಲ್ಲ ಹೇಳಿದೆ. ಅವರು ನನ್ನ ಪಕ್ಕದಲ್ಲಿ ಕೂತರು. ಆಮೇಲೆ ಅಂದರು:

"ಜಾಗ ಇಲ್ಲ ಅಂತ ಹೆಂಗ ಗೊತ್ತಾತ್ರಿ ನೀಲವ್ವಾರ? ಯಾರರ ಎಣಿಸ್ಯಾರೇನು?"

"ಅಣು ಎಣಸಾಕ ಬರತೈತೇನ್ರಿ ಅಕ್ಕೋರ? ಕಣ್ಣಿಗೆ ಕಾಣಂಗಿಲ್ಲ."

"ಎಣಸಾಕ ಬರಂಗಿಲ್ಲ. ಅಂದಾಜ ಹಾಕಾಕ ಬರತೈತಿ."

ಗೂಡಿನಲ್ಲಿದ್ದ ಶೇಂಗಾ ಉಂಡಿಯ ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಹಿಂದಿನ ದಿನವಷ್ಟೇ ನಾನು ಕಟ್ಟಿ ತುಂಬಿದ್ದು. ಉದ್ದ, ಅಗಲ, ಎತ್ತರ ಮೂರೂ ಸಮನಾದ ಚೌಕದ ಡಬ್ಬಿ.

"ಮುಚ್ಚಳ ತಗೀಬ್ಯಾಡ್ರಿ. ಒಟ್ಟ ಎಷ್ಟ ಅದಾವ?"

"ನೂರಾ ಇಪ್ಪತ್ತೈದು."

"ಮ್ಯಾಲಿನ ಪದರಿನಾಗ?"

"ಐದು ಸಾಲು, ಸಾಲಿಗೆ ಐದು. ಇಪ್ಪತ್ತೈದು."

"ಹೌದಲ್ಲರಿ? ಡಬ್ಬಿ ತುಂಬ ಎಷ್ಟ ಅದಾವ ಅಂತ ಗೊತ್ತಾದ್ರ ಮೈಮ್ಯಾಲ ಎಷ್ಟ ಅದಾವ ಅನ್ನೂದು ತಾನ ಗೊತ್ತಾಗತೈತಿ. ನೀವ ತುಂಬಿದ್ದಕ್ಕ ನಿಮಗ ಗೊತ್ತೈತಿ. ನನಗ ಗೊತ್ತಿಲ್ಲ ಅಂತ ತಿಳೀರಿ. ನಾ ಡಬ್ಬಿ ತೂಗತೀನಿ, ಒಂದ ಉಂಡಿ ತೂಗತೀನಿ, ಭಾಗಸ್ತೀನಿ. ತಾಮ್ರದ ಲೆಕ್ಕಾನೂ ಇಷ್ಟ."

ತಗಡನ್ನು ತೂಗುವುದು ಆಗದ ಮಾತು. ಆದರೆ ಅದನ್ನು ನಿಲ್ಲಿಸಿದ ಕಾಲದಲ್ಲಿ ಅಂಚಿನಿಂದ ಕತ್ತರಿಸಿದ ಪಟ್ಟಿಯಿಂದಲೇ ಬಾಗಿಲಿನ ಕೀಲಿ ಮಾಡಿದ್ದರು. ಅದು ನನ್ನ ಸೊಂಟದಲ್ಲೇ ಇತ್ತು. ಪಕ್ಕದ ಅಕ್ಕಸಾಲಿಗರ ಮನೆಯಲ್ಲಿ ತೂಗಿಸಿಕೊಂಡು ಬಂದೆವು. ತುಂಬಿದ ಚರಿಗೆಯೊಳಗೆ ಕೀಲಿಯನ್ನು ಇಳಿಬಿಟ್ಟು, ಚೆಲ್ಲಿದ ನೀರನ್ನು ಮಕ್ಕಳಿಗೆ ಔಷಧ ಕುಡಿಸುವ ಗೆರೆಯ ಲೋಟದಲ್ಲಿ ಅಳೆದೆವು. ಅಕ್ಕೋರು ತೂಕವನ್ನು ನೀರಿನ ಅಳತೆಯಿಂದ ಭಾಗಿಸಿದರು. ನೀರಿನ ಒಂಬತ್ತು ಪಟ್ಟಿಗಿಂತ ತುಸು ಕಡಿಮೆ ಭಾರ. "ಚೊಕ್ಕ ತಾಮ್ರ," ಅಂದರು. ಹೇಳುವಾಗ ಅವರ ಕಣ್ಣು ಅರಳಿದ್ದವು.

ಆಮೇಲೆ ರಂಗೋಲಿ ಬಟ್ಟಲು ಕೇಳಿದರು. ಒಲೆಯ ಹತ್ತಿರ ನೆಲದ ಮೇಲೆ ಒಂದು ಆರು ಬರೆದರು. "ಪುಸ್ತಕದಾಗ ಇದಕ್ಕ ಪರಮಾಣು ಅಂತಾರ. ಅರವತ್ಮೂರೂವರಿ ಗ್ರಾಂ ತಾಮ್ರದಾಗ ಎಷ್ಟ ಇರತಾವ ನೋಡ್ರಿ," ಎಂದು ಆರರ ಮುಂದೆ ಸೊನ್ನೆ ಸುತ್ತತೊಡಗಿದರು. ಸೊನ್ನೆಗಳು ಒಲೆ ದಾಟಿದವು, ನೀರಿನ ಹಂಡೆ ದಾಟಿದವು. ನಾನು ಕೂತ ಮಣೆಯನ್ನು ಸರಿಸಿಕೊಂಡು ಜಾಗ ಬಿಟ್ಟೆ. ಬೆನ್ನು ಬಾಗಿಸಿಕೊಂಡು ಸೊನ್ನೆ ಇಡುತ್ತಾ ಇಡುತ್ತಾ ಅಕ್ಕೋರು ಹೊಸ್ತಿಲಿಗೆ ಹೋಗಿ ಮುಟ್ಟಿದರು. ಇಪ್ಪತ್ತಮೂರು ಸೊನ್ನೆ. ನನ್ನ ಅಡಿಗೆಮನೆ ಅಷ್ಟು ಉದ್ದವಿದೆ ಎಂದು ಅಂದೇ ಗೊತ್ತಾದದ್ದು.

ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡುತ್ತಾ ಬಂದರು. ಕಿರುಬೆರಳಿನ ಉಗುರಿನಷ್ಟು ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಒಂದು ತಾಮ್ರದ ತುಂಡು. ಅದೇ ನಮ್ಮ ಡಬ್ಬಿ. ಅದರ ತೂಕ ಈಗ ಗೊತ್ತು. ಒಳಗೆ ಎಷ್ಟಿವೆ ಎಂಬುದೂ ಗೊತ್ತಾಯಿತು. ಇನ್ನು ಉಂಡಿಯ ಲೆಕ್ಕದಂತೆ ಒಂದು ಸಾಲಿನಲ್ಲಿ ಎಷ್ಟು? ಯಾವ ಅಂಕಿಯನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಆ ಮೊತ್ತ ಬರುತ್ತದೆ ಎಂದು ತಡಕಾಡಿ, ಅಳಿಸಿ, ಮತ್ತೆ ಬರೆದು, ಕೊನೆಗೆ ನನ್ನ ಕಿರುಬೆರಳು ಹಿಡಿದು ಉಗುರಿನ ಮೇಲೆ ರಂಗೋಲಿಯ ಗೆರೆ ಎಳೆದರು.

"ಈ ದಂಡಿಯಿಂದ ಆ ದಂಡಿಗೆ, ಒಂದರ ಪಕ್ಕ ಒಂದು ನಿಂತ್ರ, ನಾಕು ಕೋಟಿ ನಲವತ್ತು ಲಕ್ಷ."

"ಒಂದ ಸಾಲಿನಾಗ?"

"ಒಂದ ಸಾಲಿನಾಗ. ಅಂಥಾ ಸಾಲೂ ನಾಕು ಕೋಟಿ ನಲವತ್ತು ಲಕ್ಷ."

ಗುಣಿಸಿ ಬರೆದರು. ಹತ್ತೊಂಬತ್ತು ಕೋಟಿ ಕೋಟಿ. ಕೋಟಿಯನ್ನು ಕೇಳಿದ್ದೆ. ಕೋಟಿಯನ್ನೇ ಕೋಟಿ ಸಲ ಎಣಿಸಬೇಕು ಎಂಬುದನ್ನು ಕೇಳಿರಲಿಲ್ಲ. ಅದೂ ಹತ್ತೊಂಬತ್ತು ಬಾರಿ. ಅದೂ ಬರೀ ಒಂದು ಉಗುರಿನ ಮೈಮೇಲೆ.

"ಅಕ್ಕೋರ," ಅಂದೆ, "ಇಲ್ಲಿ ತನಕಾ ಹುಟ್ಟಿದ ಮಂದಿ ಎಷ್ಟಿರಬಹುದು? ನಮ್ಮೂರಾಗಲ್ಲ. ಭೂಮಿ ಮ್ಯಾಲ. ಮನಷ್ಯಾ ಅನ್ನಾಂವ ಹುಟ್ಟಿದಾಗಿಂದ."

"ಬಲ್ಲವರು ಒಂದು ಹನ್ನೊಂದು ಹನ್ನೆರಡು ಸಾವಿರ ಕೋಟಿ ಅಂತ ಅಂದಾಜು ಮಾಡ್ಯಾರ."

"ಅವರೆಲ್ಲಾರೂ ಬಂದು ಒಂದೊಂದು ಮಾತು ಹೇಳಿದ್ರ?"

ಅಕ್ಕೋರು ಮತ್ತೆ ನೆಲಕ್ಕೆ ಬಾಗಿದರು. ಈ ಸಲ ಬೇಗ ಮುಗಿಯಿತು. ತಮ್ಮ ತಲೆಯಿಂದ ಒಂದು ಕೂದಲು ಕಿತ್ತು ನನ್ನ ಅಂಗೈ ಮೇಲಿಟ್ಟರು.

"ಇದರ ದಪ್ಪ ಎಷ್ಟೈತಿ, ಅಷ್ಟ ಉದ್ದ, ಅಷ್ಟ ಅಗಲ. ಅಷ್ಟರಾಗ ಎಲ್ಲಾರೂ ಹಿಡಸ್ತಾರ."

ದೀಪದ ಬೆಳಕಿಗೆ ಹಿಡಿದು ನೋಡಿದೆ. ಕೂದಲು ಕಂಡಿತು, ಅದರ ದಪ್ಪ ಕಾಣಲಿಲ್ಲ. ಮೊದಲ ಬೆಂಕಿ ಹಚ್ಚಿದವನು, ಮೊದಲು ಕೂಸಿಗೆ ಜೋಗುಳ ಹಾಡಿದವಳು, ಹೆಸರು ಕೂಡ ಉಳಿಯದೆ ಹೋದ ಅಷ್ಟೂ ಜನ, ಅವರ ಅಷ್ಟೂ ಮಾತು, ಕಣ್ಣಿಗೆ ಕಾಣದ ಆ ಚುಕ್ಕೆಯಲ್ಲಿ. ಉಳಿದ ಬಾಗಿಲಿನಷ್ಟು ತಾಮ್ರ ಪೂರ್ತಿ ಖಾಲಿ. ಇಷ್ಟು ದಿನ ನಾನು ಒಂದು ಆಕಾಶಕ್ಕೆ ಕೀಲಿ ಹಾಕಿ ಕೂತಿದ್ದೆ ಅನ್ನಿಸಿತು. ಮೈಮೇಲೆ ಮುಳ್ಳೆದ್ದಿತು. ಅಕ್ಕೋರೂ ತಮ್ಮ ತೋಳು ಉಜ್ಜಿಕೊಳ್ಳುತ್ತಿದ್ದರು. ಇಬ್ಬರೂ ಆ ರಂಗೋಲಿ ಅಳಿಸದೆ, ಸೊನ್ನೆಗಳನ್ನು ತುಳಿಯದಂತೆ ಗೋಡೆ ಹಿಡಿದುಕೊಂಡು ಆಚೆ ಬಂದೆವು.

ಮರುದಿನ ಬೆಳಿಗ್ಗೆ ತಾಮ್ರದ ಮನೆಯ ಅಂಗಳದಲ್ಲಿ ಪಂಚರನ್ನು ಕೂಡಿಸಿದೆ. ಸುದ್ದಿ ತಿಳಿದು ಊರೇ ನೆರೆಯಿತು. ಹುಲಿಗೆವ್ವನ ಜೊತೆ ದುರಗಪ್ಪ ಬಟ್ಟೆಯ ಗಂಟು ಹಿಡಿದುಕೊಂಡು ಪ್ರಯಾಣಕ್ಕೆ ಸಿದ್ಧನಾಗಿಯೇ ಬಂದಿದ್ದ. ಉಂಡಿಯ ಡಬ್ಬಿಯಿಂದ ಹಿಡಿದು ಕೂದಲಿನ ತನಕ ಅಕ್ಕೋರು ಎಲ್ಲವನ್ನೂ ಬಿಡಿಸಿ ಹೇಳಿದರು. ಎಷ್ಟೋ ಜನ ತಮ್ಮ ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು.

ಸಂಗಪ್ಪಜ್ಜ ಕೋಲಿನ ಮೇಲೆ ಗದ್ದ ಊರಿಕೊಂಡು ಕೇಳಿಸಿಕೊಂಡರು. ಆಮೇಲೆ ಅಂದರು: "ಅಕ್ಕೋರ, ನೀವು ಕಲತವರು, ನಾ ಇಲ್ಲನ್ನಂಗಿಲ್ಲ. ಆದ್ರ ಇದು ಅಂದಾಜು. ನೀವ ಅಂದಾಜು ಅಂದ್ರಿ. ತಪ್ಪಿದ್ರ? ನಮ್ಮ ಅಣ್ಣನ ದನಿ ಹೋತಂದ್ರ ನಾ ಎಲ್ಲಿ ಹುಡುಕ್ಲಿ?"

ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯಿತ್ತು. ಅಕ್ಕೋರು ಅಜ್ಜನ ಮುಂದೆ ನೆಲದ ಮೇಲೆ ಕೂತರು.

"ತಪ್ಪಿರಬಹುದರಿ ಅಜ್ಜಾರ. ಕೀಲಿ ಅಳ್ಯೂವಾಗ ಒಂದ ಹನಿ ನೀರು ಹೆಚ್ಚುಕಡಿಮಿ ಆಗಿರಬಹುದು. ಅವು ಉಂಡಿಯಂಗ ನೆಟ್ಟಗ ಸಾಲಾಗಿ ಕುಂತಿರಲಿಕ್ಕಿಲ್ಲ. ನಂದು ಸಾವಿರ ಪಟ್ಟು ತಪ್ಪೈತಿ ಅಂತ ಇಟ್ಗೋರಿ. ಆವಾಗ ಲೋಕದಾಗ ಹುಟ್ಟಿದವರೆಲ್ಲಾರಿಗೂ ಸೇರಿ ಒಂದ ಎಳ್ಳಕಾಳಿನಷ್ಟು ಜಾಗ ಬೇಕು. ಅಷ್ಟ."

"ಎಳ್ಳಕಾಳು," ಅಂದರು ಅಜ್ಜ.

"ಎಳ್ಳಕಾಳು."

"ಹಂಗಾರ ಅಣ್ಣನ ದನಿ ಯಾಕ ಸಣ್ಣ ಆತು?"

"ಅದು ನನಗ ಗೊತ್ತಿಲ್ಲರಿ," ಅಂದರು ಅಕ್ಕೋರು.

ಅಂಗಳದಲ್ಲಿ ಗುಜುಗುಜು ಶುರುವಾಯಿತು. ಆಗ ನಾನು ಎದ್ದು ನಿಂತೆ. ಪಂಚರ ಮುಂದೆ ನಾನು ಬಾಯಿ ಬಿಟ್ಟವಳಲ್ಲ. "ಅಜ್ಜಾರ, ನನ್ನ ಅವ್ವನ ಮಾತೂ ಅಲ್ಲೇ ಐತಿ. ಹೋದ್ರ ನಂದೂ ಹೋಗತೈತಿ. ದುರಗಪ್ಪಗ ನಾ ಬಾಗಲಾ ತಗೀತೀನಿ," ಎಂದು ಕೀಲಿ ಹಾಕಿ ತಿರುಗಿಸಿದೆ. ಯಾರೂ ತಡೆಯಲಿಲ್ಲ.

ದುರಗಪ್ಪ ಮುಂದೆ ಬರಲಿಲ್ಲ. ಅಜ್ಜನ ಮುಖ ನೋಡುತ್ತಾ ನಿಂತ. ಅವನ ಹೆಂಡತಿ ಅಜ್ಜನ ಎಡಗಡೆ ನಿಂತು ಏನೋ ಹೇಳುತ್ತಿದ್ದಳು, ಅಜ್ಜ ತಿರುಗಲಿಲ್ಲ. ಅವಳು ಇನ್ನೊಂದು ಬದಿಗೆ ಬಂದಳು.

"ಯಜ್ಜಾ, ಆಗಿಂದ ಆ ಕಡಿ ನಿಂತು ಕರಿಯಾಕತ್ತೀನಿ, ನಿಮಗ ಕೇಳವಲ್ದು. ಈ ಕಡಿ ಬಂದಕೂಡ್ಲೆ ಕೇಳ್ತು. ನೀವು ತಗಡಿಗೆ ಯಾವ ಕಿವಿ ಹಚ್ಚತೀರಿ?"

ಅಜ್ಜ ಎಡಗೆನ್ನೆ ಮುಟ್ಟಿಕೊಂಡರು. ಆಮೇಲೆ ಬಲಗೆನ್ನೆ. ಕೋಲು ಊರುತ್ತಾ ತಾವೇ ಒಳಗೆ ಹೋದರು. ನಾವು ಕಾದೆವು. ಒಳಗಿನಿಂದ ಅವರು "ಬಂದ್ನೋ ಅಣ್ಣಾ" ಅಂದದ್ದು ಅಂಗಳಕ್ಕೆಲ್ಲ ಕೇಳಿಸಿತು. ಹೊರಗೆ ಬಂದಾಗ ಗಡ್ಡವೆಲ್ಲ ಒದ್ದೆ. ದುರಗಪ್ಪನ ಬೆನ್ನ ಮೇಲೆ ಕೈಯಿಟ್ಟು ಬಾಗಿಲಿನ ಕಡೆ ನೂಕಿದರು. "ಹೋಗಪಾ. ಬಸ್ಸಿನ ಹೊತ್ತಾತು."

ದುರಗಪ್ಪ ಒಳಗೆ ಹೋಗಿ ಬಹಳ ಹೊತ್ತು ನಿಲ್ಲಲಿಲ್ಲ. ಹೊರಬಂದು, ಅಂಗೈಯನ್ನು ಎದೆಗೆ ಒತ್ತಿಕೊಂಡು, ಗಂಟು ಎತ್ತಿಕೊಂಡ. ಏನು ಹೇಳಿದೆ ಎಂದು ಹುಲಿಗೆವ್ವನೂ ಕೇಳಲಿಲ್ಲ.

ಪಂಚರು ಅಂದೇ ನಿರ್ಣಯ ಹಿಂದೆ ತೆಗೆದರು. ಕೆರೆಯಾಚೆಯವರು ಬಂದರು. ಆಮೇಲೆ ಬಳೆ ಮಾರುವವರು, ದಾರಿಯಲ್ಲಿ ಹೋಗುವ ಲಾರಿಯವರು, ನಾನು ಕೇಳಿರದ ಭಾಷೆಯವರು. ಒಬ್ಬೊಬ್ಬರು ಒಳಗೆ ಹೋಗುವಾಗಲೂ ನನ್ನ ಕಿರುಬೆರಳಿನ ಉಗುರನ್ನೊಮ್ಮೆ ನೋಡಿಕೊಳ್ಳುತ್ತಿದ್ದೆ. ಮಧ್ಯಾಹ್ನ ಒಳಗೆ ಹೋದರೆ ಅವ್ವ ಮೊದಲಿನಂತೆಯೇ ಕೇಳುತ್ತಿದ್ದಳು. ಕುಮುದಿನಿ ಅಕ್ಕೋರು ಮಾತ್ರ ತಮ್ಮ ಮಾತು ಇನ್ನೂ ಹೇಳಿಲ್ಲ. ಜಾಗಕ್ಕೇನು ಅವಸರವಿಲ್ಲವಲ್ಲ ಎಂದು ನಗುತ್ತಾರೆ.

ಬೇಸಿಗೆ ಕಳೆದ ಮೇಲೆ ದುರಗಪ್ಪ ಹಿಂತಿರುಗಿದ. ಬಡಕಲಾಗಿದ್ದ, ಕೊರಳಿನಲ್ಲಿ ಬಿಳಿ ಪಟ್ಟಿ. ಜೀವ ಉಳಿದಿತ್ತು, ದನಿ ಹೋಗಿತ್ತು. ಆಗಲೇ ಹುಲಿಗೆವ್ವನಿಗೆ ಹೆಣ್ಣುಮಗು ಹುಟ್ಟಿತ್ತು. ಅವನಿಲ್ಲದೆ ಕೂಸನ್ನು ತಾಮ್ರಕ್ಕೆ ತೋರಿಸಲಾರೆ ಎಂದು ಅವಳು ಹಟ ಹಿಡಿದು ಕಾದಿದ್ದಳು. ಮೂವರೂ ಬಂದರು. ನಾನು ಪದ್ಧತಿಯಂತೆ ಹೊರಗೆ ಕೂರಲು ಹೊರಟರೆ ಹುಲಿಗೆವ್ವ ಸೆರಗು ಹಿಡಿದಳು. "ನೀವೂ ಇರ್ರಿ ಯವ್ವಾ," ಅಂದಳು.

ಕೂಸು ಹಸಿದು ಚೀರುತ್ತಿತ್ತು. ಕಾಲು ಝಾಡಿಸುತ್ತಿತ್ತು. ಹುಲಿಗೆವ್ವ ಅದರ ಕೆನ್ನೆಯನ್ನು ತಗಡಿನ ಕೆಂಪು ಹೊಳಪಿಗೆ ಮೆಲ್ಲಗೆ ತಾಗಿಸಿದಳು. ತಣ್ಣಗಿನ ತಾಮ್ರಕ್ಕೆ ಇನ್ನೂ ಜೋರಾಗಿ ಅತ್ತೀತು ಎಂದುಕೊಂಡೆ. ಕೂಸು ಗಪ್ಪನೆ ಸುಮ್ಮನಾಯಿತು. ಕಣ್ಣು ದೊಡ್ಡದು ಮಾಡಿತು. ತುಟಿ ಅರೆ ತೆರೆದು, ಉಸಿರು ಬಿಗಿಹಿಡಿದು ಆಲಿಸಿತು. ಹುಲಿಗೆವ್ವ ತಾನೂ ಬಾಗಿ ತನ್ನ ಕೆನ್ನೆಯನ್ನು ಮಗಳ ಕೆನ್ನೆಯ ಪಕ್ಕಕ್ಕೆ ಹಚ್ಚಿದಳು. ಗಂಡನ ಹಳೆಯ ದನಿ, ಬಾವಿಯ ತಳದಿಂದ ಪೇಟೆ ಮುಟ್ಟುತ್ತಿದ್ದ ದನಿ, ಅವಳ ಮುಖದ ಮೇಲೆ ಬೆಳಕಿನಂತೆ ಹಾದುಹೋದದ್ದನ್ನು ಕಂಡೆ.

"ಬಾ ಅಂದಾನ," ಅಂದಳು, ಅಳುತ್ತಾ ನಗುತ್ತಾ. "ಇನ್ನೂ ಹುಟ್ಟದ ಕೂಸಿಗೆ ಏನ ಹೇಳತಾನ ಅಂತಿದ್ನಿ. ಬಾ ಅಂದಾನ, ಯವ್ವಾ."

ಕೋಟಿಯ ಕೋಟಿ ಕಣಗಳಲ್ಲಿ ಆ ಒಂದಕ್ಷರ ಹಿಡಿದ ಕಣ ಎಲ್ಲಿತ್ತೋ, ಯಾವ ಲೆಕ್ಕಕ್ಕೂ ಸಿಗುವಂಥದಲ್ಲ. ಅಂಗೈಯಷ್ಟೂ ಇಲ್ಲದ ಒಂದು ಕೆನ್ನೆ ಹೋಗಿ ನೇರ ಅದನ್ನೇ ಮುಟ್ಟಿತ್ತು. ದುರಗಪ್ಪ ಎರಡೂ ಕೈ ಚಾಚಿದ. ಹುಲಿಗೆವ್ವ ಕೂಸನ್ನು ಅವನ ತೋಳಿಗೆ ಕೊಟ್ಟಳು. ನಾನು ಬಾಗಿಲಿಗೆ ಬಂದು, ಬಿಸಿಲಿನಲ್ಲಿ ಕಾಯುತ್ತಿದ್ದ ಸಾಲಿನವರಿಗೆ ಸ್ವಲ್ಪ ತಡೀರಿ ಎಂದು ಕೈಸನ್ನೆ ಮಾಡಿದೆ.